ನಾನು ರಕ್ಷಣೆ ಹೊಂದಿದ್ದೇನಾ? ಈ ಪ್ರಶ್ನೆ ಕಾಡುವವರಿಗೆ ಒಂದು ತಿಂಗಳ ದಾರಿ

ಉಜ್ಜೀವನ ಕೂಟದ ಕೊನೇ ರಾತ್ರಿ. ಹಾರ್ಮೋನಿಯಂ ಮೆಲ್ಲಗೆ ನುಡಿಯುತ್ತಿರುತ್ತದೆ. "ಯೇಸು ಸ್ವಾಮಿಯನ್ನು ಇವತ್ತು ರಕ್ಷಕನೆಂದು ಒಪ್ಪಿಕೊಳ್ಳುವವರು ಕಣ್ಣು ಮುಚ್ಚಿಕೊಂಡೇ ಕೈ ಎತ್ತಿ" ಎಂದು ಪ್ರಸಂಗಿಗಳು ಕರೆಯುತ್ತಾರೆ. ನಾನು ಕೈ ಎತ್ತುತ್ತಿದ್ದೆ. ಹದಿನಾಲ್ಕನೇ ವಯಸ್ಸಿನಿಂದ ಇಪ್ಪತ್ಮೂರರವರೆಗೆ ಒಂದು ವರ್ಷವೂ ಬಿಡದೆ ಎತ್ತಿದ್ದೇನೆ. ಪ್ರತಿ ಸಲ ಮನೆಗೆ ಬರುವಾಗ ಎದೆ ಹಗುರವಾಗಿರುತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ ಒಂದು ಜಗಳ, ಒಂದು ಸುಳ್ಳು. ಆಮೇಲೆ ಮತ್ತೆ ಅದೇ ಭಯ: ಈ ಸಲದ್ದೂ ನಿಜ ಅಲ್ವಾ ಹಾಗಾದರೆ?

ಈ ಭಯ ಗೊತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. "ಸುಮ್ನೆ ನಂಬು, ಯೋಚಿಸಬೇಡ" ಎಂದು ಕೆಲವರು ಹೇಳುತ್ತಾರೆ. "ಸರಿಯಾಗಿ ನಡೆ, ನಿಶ್ಚಯ ತಾನಾಗಿ ಬರುತ್ತದೆ" ಎಂದು ಇನ್ನು ಕೆಲವರು ಹೇಳುತ್ತಾರೆ. ಎರಡನ್ನೂ ಮಾಡಿ ನೋಡಿದ್ದೇನೆ, ಎರಡೂ ಅರ್ಧ ದಾರಿಯಲ್ಲಿ ಕೈಬಿಟ್ಟವು. ನನಗೆ ನಿಜವಾಗಿ ನೆರವಾದದ್ದು ಯೋಹಾನನ ಮೊದಲನೆಯ ಪತ್ರಿಕೆ. ಅದನ್ನು ಇಟ್ಟುಕೊಂಡು ಒಂದು ತಿಂಗಳು ಏನು ಮಾಡಬಹುದು ಎಂದು ಹೇಳುತ್ತೇನೆ. ಸತ್ಯವೇದ, ಒಂದು ನೋಟ್‌ಬುಕ್, ಪೆನ್ನು ಇದ್ದರೆ ಸಾಕು.

1. ಯಾವ ಸಂಶಯ ಎಂದು ಮೊದಲು ಬರೆಯಿರಿ

ಎಲ್ಲ ಸಂಶಯವೂ ಒಂದೇ ಅಲ್ಲ. ಮೊದಲ ಪುಟದಲ್ಲಿ ನಿಮ್ಮ ಪ್ರಶ್ನೆಯನ್ನು ನಿಮ್ಮ ಮಾತಿನಲ್ಲೇ ಬರೆಯಿರಿ. ಸಾಮಾನ್ಯವಾಗಿ ಅದು ಮೂರರಲ್ಲಿ ಒಂದಾಗಿರುತ್ತದೆ.

ಕೆಲವರಿಗೆ ದೇವರ ಮಾತಿನ ಮೇಲೇ ಸಂಶಯ: ಇಷ್ಟು ಪಾಪ ಮಾಡಿದವನನ್ನು ನಿಜಕ್ಕೂ ಕ್ಷಮಿಸುತ್ತಾನಾ? ಇನ್ನು ಕೆಲವರಿಗೆ ತಮ್ಮ ಮೇಲೆ: ನನ್ನ ನಂಬಿಕೆ ನಿಜದ್ದಾ, ತೋರಿಕೆಯದ್ದಾ? ಮೂರನೆಯದು ಬೇರೆ ಜಾತಿಯದು. ಪ್ರಶ್ನೆಯೇ ಸರಿಯಾಗಿ ಇರುವುದಿಲ್ಲ, ಬರೀ ಭಾರ ಇರುತ್ತದೆ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಪ್ರಾರ್ಥನೆಗೆ ಕೂತರೆ ಮಾತು ಹೊರಡುವುದಿಲ್ಲ. ಮೊದಲನೆಯದಕ್ಕೆ ವಾಗ್ದಾನ ಬೇಕು, ಎರಡನೆಯದಕ್ಕೆ ಪರೀಕ್ಷೆ ಬೇಕು. ಮೂರನೆಯದಕ್ಕೆ ವಿಶ್ರಾಂತಿ, ಜೊತೆಗೊಬ್ಬರು, ಕೆಲವೊಮ್ಮೆ ಡಾಕ್ಟರೂ ಬೇಕು. ಔಷಧಿ ಬದಲಾದರೆ ಕಾಯಿಲೆ ವಾಸಿಯಾಗುವುದಿಲ್ಲ.

ಇನ್ನೊಂದು ಮಾತು. ಸಭೆಗಳೂ ಈ ವಿಷಯದಲ್ಲಿ ಒಂದೇ ಥರ ಹೇಳುವುದಿಲ್ಲ. ದೇವರ ವಿಶೇಷ ಪ್ರಕಟನೆ ಇಲ್ಲದೆ ಯಾರೂ ತಮ್ಮ ರಕ್ಷಣೆಯ ಬಗ್ಗೆ ಪೂರ್ತಿ ಖಚಿತವಾಗಿ ಹೇಳಿಕೊಳ್ಳಲಾಗದು ಎಂದು ಕಥೋಲಿಕ ಸಭೆ ಟ್ರೆಂಟ್ ಪರಿಷತ್ತಿನಲ್ಲಿ, 1547ರಲ್ಲಿ, ಹೇಳಿತು. ಅಲ್ಲಿ ಹೆಚ್ಚಾಗಿ ಬಳಸುವ ಮಾತು ನಿರೀಕ್ಷೆ. ಪ್ರೊಟೆಸ್ಟೆಂಟರು ನಿಶ್ಚಯ ಎನ್ನುತ್ತಾರೆ. ಆದರೆ 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣ ಕೂಡ, ನಿಜವಾದ ವಿಶ್ವಾಸಿಯೇ ಈ ನಿಶ್ಚಯಕ್ಕಾಗಿ ಬಹಳ ದಿನ ಕಾಯಬೇಕಾಗಬಹುದು, ಬಹಳ ಹೋರಾಡಬೇಕಾಗಬಹುದು ಎಂದು ಒಪ್ಪುತ್ತದೆ. ಆದ್ದರಿಂದ ನಿಮಗೆ ಇನ್ನೂ ನಿಶ್ಚಯ ಇಲ್ಲ ಎಂದರೆ ನಿಮಗೆ ರಕ್ಷಣೆಯೇ ಇಲ್ಲ ಎಂದು ಅರ್ಥವಲ್ಲ. ಇವೆರಡೂ ಬೇರೆ ಬೇರೆ.

2. ಎರಡು ವಚನಗಳನ್ನು ಪಕ್ಕಪಕ್ಕ ಬರೆಯಿರಿ

ನನ್ನನ್ನು ಹೆಚ್ಚು ಹೆದರಿಸಿದ ವಚನ ಮತ್ತಾಯ 7:21. ಸ್ವಾಮೀ, ಸ್ವಾಮೀ ಎನ್ನುವವರೆಲ್ಲ ಪರಲೋಕ ರಾಜ್ಯಕ್ಕೆ ಸೇರುವುದಿಲ್ಲ, ತಂದೆಯ ಚಿತ್ತದಂತೆ ನಡೆಯುವವನೇ ಸೇರುತ್ತಾನೆ ಎಂದು ಯೇಸು ಅಲ್ಲಿ ಹೇಳುತ್ತಾನೆ. ಎಷ್ಟು ನಡೆದರೆ ಸಾಕು? ಅಲ್ಲಿ ಲೆಕ್ಕ ಕೊಟ್ಟಿಲ್ಲ. ವರ್ಷಗಟ್ಟಲೆ ನಾನು ಆ ವಚನದ ಮುಂದೆ ನಿಂತು ನಡುಗಿದ್ದೇನೆ.

ಮುಂದಿನ ವಚನವನ್ನು ಮಾತ್ರ ಸರಿಯಾಗಿ ಓದಿರಲಿಲ್ಲ. ಹೊರಗುಳಿದವರು ಅಲ್ಲಿ ಏನು ಹೇಳುತ್ತಾರೆ ನೋಡಿ. ನಿನ್ನ ಹೆಸರಿನಲ್ಲಿ ಪ್ರವಾದನೆ ಹೇಳಿದೆವು, ದೆವ್ವ ಬಿಡಿಸಿದೆವು, ಮಹತ್ಕಾರ್ಯ ಮಾಡಿದೆವು. ಕೆಲಸ ಮಾಡದವರಲ್ಲ ಇವರು, ಎಲ್ಲರಿಗಿಂತ ಜಾಸ್ತಿ ಮಾಡಿದವರು. ಬಾಗಿಲಲ್ಲಿ ನಿಂತು ತಮ್ಮ ಕೆಲಸದ ಪಟ್ಟಿಯನ್ನೇ ತೋರಿಸುತ್ತಾರೆ. ಸ್ವಾಮಿ ಪಟ್ಟಿ ನೋಡುವುದಿಲ್ಲ. ನಿಮ್ಮ ಗುರುತೇ ನನಗಿಲ್ಲ ಎನ್ನುತ್ತಾನೆ. ಅವರನ್ನು ಅಧರ್ಮ ಮಾಡುವವರು ಎಂದೂ ಕರೆಯುತ್ತಾನೆ. ವೇದಿಕೆಯ ಮೇಲೆ ಮಹತ್ಕಾರ್ಯ, ಕೆಳಗೆ ಇಳಿದ ಮೇಲೆ ಬೇರೆ ನಡತೆ.

ಈಗ ಎದುರು ಪುಟದಲ್ಲಿ ಯೋಹಾನ 6:40 ಬರೆದುಕೊಳ್ಳಿ. ಅಲ್ಲಿಯೂ ಯೇಸು ತಂದೆಯ ಚಿತ್ತ ಏನು ಎಂದೇ ಹೇಳುತ್ತಾನೆ: ಮಗನನ್ನು ನೋಡಿ ಆತನಲ್ಲಿ ನಂಬಿಕೆ ಇಡುವ ಪ್ರತಿಯೊಬ್ಬನಿಗೂ ನಿತ್ಯಜೀವ ಸಿಗಬೇಕು. ದೇವರ ಚಿತ್ತಕ್ಕೆ ತಲೆಬಾಗುವ ಮೊದಲ ಹೆಜ್ಜೆಯೇ ಮಗನನ್ನು ನಂಬುವುದು. ವಿಧೇಯತೆ ಶುರುವಾಗುವುದು ಅಲ್ಲಿಂದ. ಉಳಿದ ವಿಧೇಯತೆ ಎಲ್ಲ ಆ ಬೇರಿನಿಂದ ಬರುವ ಚಿಗುರು. ನಾನು ಚಿಗುರನ್ನು ಹಿಡಿದುಕೊಂಡು ಬೇರು ಹುಡುಕುತ್ತಿದ್ದೆ.

ಮೆಥೊಡಿಸ್ಟ್ ಚಳವಳಿ ಶುರುಮಾಡಿದ ಇಂಗ್ಲೆಂಡಿನ ಪ್ರಸಂಗಿ ಜಾನ್ ವೆಸ್ಲಿ ಇದೇ ಜಾಗದಲ್ಲಿ ಬಹಳ ವರ್ಷ ಸಿಕ್ಕಿಬಿದ್ದಿದ್ದರು. ಮೈಸೂರು, ತುಮಕೂರು ಕಡೆಯ ಹಲವು ಹಳೇ ಸಭೆಗಳು ವೆಸ್ಲಿಯನ್ ಮಿಷನ್‌ನಿಂದ ಬಂದವು. 1947ರಲ್ಲಿ ಅವು ದಕ್ಷಿಣ ಭಾರತ ಸಭೆಗೆ ಸೇರಿದವು. ಹಾಗಾಗಿ ಈ ಮನುಷ್ಯ ನಮಗೆ ದೂರದವರಲ್ಲ. ಆಕ್ಸ್‌ಫರ್ಡ್‌ನಲ್ಲಿದ್ದಾಗ ವಾರಕ್ಕೆ ಎರಡು ದಿನ ಉಪವಾಸ ಮಾಡುತ್ತಿದ್ದರು. ಜೈಲಿಗೆ ಹೋಗಿ ಕೈದಿಗಳನ್ನು ನೋಡುತ್ತಿದ್ದರು. 1735ರಲ್ಲಿ ಅಮೆರಿಕದ ಜಾರ್ಜಿಯಾಗೆ ಮಿಷನರಿಯಾಗಿ ಹಡಗು ಹತ್ತಿದರು. ದಾರಿಯಲ್ಲಿ ಬಿರುಗಾಳಿ ಎದ್ದು, ದೊಡ್ಡ ಪಟ ಹರಿದು, ನೀರು ಒಳಗೆ ನುಗ್ಗಿತು. ಇಂಗ್ಲಿಷರು ಕಿರುಚಿಕೊಂಡರು. ಅದೇ ಹಡಗಿನಲ್ಲಿದ್ದ ಜರ್ಮನಿಯ ಮೊರೇವಿಯನ್ ಕ್ರೈಸ್ತರು ಕೀರ್ತನೆ ಹಾಡುವುದನ್ನು ನಿಲ್ಲಿಸಲಿಲ್ಲ. ಭಯವಾಗಲಿಲ್ಲವೇ ಎಂದು ವೆಸ್ಲಿ ಆಮೇಲೆ ಕೇಳಿದರು. ಇಲ್ಲ, ನಮ್ಮ ಹೆಂಗಸರು ಮಕ್ಕಳು ಕೂಡ ಸಾಯಲು ಹೆದರುವುದಿಲ್ಲ ಎಂದು ಉತ್ತರ ಬಂತು.

ಜಾರ್ಜಿಯಾದಲ್ಲಿ ಇಳಿದ ಮೇಲೆ ಸ್ಪಾಂಗೆನ್‌ಬರ್ಗ್ ಎಂಬ ಮೊರೇವಿಯನ್ ಸಭಾಪಾಲಕರು ಅವರನ್ನು ಒಂದು ಪ್ರಶ್ನೆ ಕೇಳಿದರು: ಯೇಸು ಕ್ರಿಸ್ತನನ್ನು ಬಲ್ಲಿರಾ? ಆತ ಲೋಕರಕ್ಷಕ ಎಂದು ಗೊತ್ತು ಎಂದರು ವೆಸ್ಲಿ. ನಿಜ, ಆದರೆ ಆತ ನಿಮ್ಮನ್ನು ರಕ್ಷಿಸಿದ್ದಾನೆಂದು ಗೊತ್ತೇ? ನನ್ನನ್ನು ರಕ್ಷಿಸಲು ಸತ್ತನೆಂದು ನಿರೀಕ್ಷಿಸುತ್ತೇನೆ ಎಂದು ವೆಸ್ಲಿ ಹೇಗೋ ಉತ್ತರಿಸಿದರು. ಇದನ್ನೆಲ್ಲ ಅವರೇ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಎರಡು ವರ್ಷ ಕಳೆದು, 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಚಿಕ್ಕ ಕೂಟಕ್ಕೆ ಒಲ್ಲದ ಮನಸ್ಸಿನಿಂದ ಹೋದರು. ರೋಮಾಪುರದವರಿಗೆ ಬರೆದ ಪತ್ರಿಕೆಗೆ ಜರ್ಮನಿಯ ಸುಧಾರಕ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದರು. ಒಂಬತ್ತಕ್ಕೆ ಕಾಲು ಗಂಟೆ ಇರುವಾಗ ತಮ್ಮ ಎದೆ ವಿಚಿತ್ರವಾಗಿ ಬೆಚ್ಚಗಾಯಿತು, ಕ್ರಿಸ್ತನು ತಮ್ಮ ಪಾಪವನ್ನೇ ತೆಗೆದುಹಾಕಿದನೆಂಬ ನಿಶ್ಚಯ ಸಿಕ್ಕಿತು ಎಂದು ಬರೆದಿದ್ದಾರೆ.

ಸಾಕ್ಷಿ ಹೇಳುವವರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಅದು ಸರಿಯಲ್ಲ ಅನಿಸುತ್ತದೆ ನನಗೆ. ಮುಂದಿನ ಜನವರಿಯಲ್ಲಿ ಅದೇ ದಿನಚರಿಯಲ್ಲಿ ವೆಸ್ಲಿ, ನಾನು ಈಗಲೂ ಕ್ರೈಸ್ತನಲ್ಲ ಎಂದು ಬರೆದರು! ಎದೆ ಬೆಚ್ಚಗಾಗುತ್ತದೆ, ತಣ್ಣಗೂ ಆಗುತ್ತದೆ. ಕ್ರಿಸ್ತನ ಕೆಲಸ ಮಾತ್ರ ಶಿಲುಬೆಯ ಮೇಲೆ ಒಂದೇ ಸಲ ಮುಗಿದಿದೆ.

3. ಐದು ದಿನ, ಐದು ಅಧ್ಯಾಯ, ಮೂರು ಸಾಲು

ಯೋಹಾನನ ಮೊದಲನೆಯ ಪತ್ರಿಕೆ ಚಿಕ್ಕದು, 105 ವಚನ. ಏಕೆ ಬರೆದೆ ಎಂದು ಯೋಹಾನನೇ 5:13ರಲ್ಲಿ ಹೇಳುತ್ತಾನೆ: ದೇವರ ಮಗನ ಹೆಸರಿನಲ್ಲಿ ನಂಬಿಕೆ ಇಟ್ಟಿರುವ ನಿಮಗೆ ನಿತ್ಯಜೀವ ಇದೆ ಎಂದು ಗೊತ್ತಾಗಲಿ ಎಂದು. ಗೊತ್ತಾಗಲಿ ಎನ್ನುತ್ತಾನೆ, ಊಹಿಸಿಕೊಳ್ಳಿ ಎನ್ನುವುದಿಲ್ಲ.

ದಿನಕ್ಕೊಂದು ಅಧ್ಯಾಯ ಓದಿ. ಬೆಳಗ್ಗೆ ಮನೆಯವರು ಏಳುವ ಮುಂಚೆ, ಸಾಧ್ಯವಾದರೆ ಗಟ್ಟಿಯಾಗಿ. ನೋಟ್‌ಬುಕ್ಕಿನ ಪುಟವನ್ನು ಉದ್ದಕ್ಕೆ ಮೂರು ಭಾಗ ಮಾಡಿ. ಮೇಲೆ ನಂಬಿಕೆ, ನಡತೆ, ಪ್ರೀತಿ ಎಂದು ಬರೆಯಿರಿ. ಯೋಹಾನ ಇವು ಮೂರನ್ನೇ ಹಗ್ಗ ಹೊಸೆದ ಹಾಗೆ ಸುತ್ತಿ ಸುತ್ತಿ ಹೇಳುತ್ತಾನೆ. ಯೇಸುವೇ ಕ್ರಿಸ್ತನೆಂದು ನಂಬುತ್ತೀಯಾ? ಆತನ ಆಜ್ಞೆಗಳನ್ನು ಕೈಕೊಂಡು ನಡೆಯುತ್ತೀಯಾ? ಸಹೋದರನನ್ನು ಪ್ರೀತಿಸುತ್ತೀಯಾ? ಯಾವ ವಚನ ಎಲ್ಲಿಗೆ ಸೇರುತ್ತದೋ ಅಲ್ಲಿ ಅದರ ಸಂಖ್ಯೆ ಬರೆಯಿರಿ. ಉದಾಹರಣೆಗೆ 2:3 ನಡತೆಗೆ, 3:14 ಪ್ರೀತಿಗೆ, 5:1 ನಂಬಿಕೆಗೆ.

ಎರಡು ಕಡೆ ತಡವರಿಸುತ್ತೀರಿ. ಒಂದು 2:3. ಆಜ್ಞೆಗಳನ್ನು ಕೈಕೊಂಡರೆ ಆತನನ್ನು ಬಲ್ಲೆವೆಂದು ತಿಳಿಯುತ್ತದೆ ಎನ್ನುವ ಮಾತು. ಇಲ್ಲಿ ಮೂಲ ಗ್ರೀಕ್ ಪದಕ್ಕೆ ಕಾಯುವುದು, ಜೋಪಾನ ಮಾಡುವುದು ಎಂಬ ಅರ್ಥ ಇದೆ. ಅಮ್ಮ ಕೊಟ್ಟ ಕಿವಿಯೋಲೆಯನ್ನು ಮಗಳು ಕಾಪಾಡಿಕೊಳ್ಳುತ್ತಾಳಲ್ಲ, ಹಾಗೆ. ಎಂದಾದರೂ ಕಳೆದುಹೋದರೆ ಮನೆಯೆಲ್ಲ ಹುಡುಕುತ್ತಾಳೆ. ಅವಳಿಗೆ ಅದು ಬೇಕು ಎನ್ನುವುದು ಆ ಹುಡುಕಾಟದಲ್ಲೇ ಗೊತ್ತಾಗುತ್ತದೆ. ಆಜ್ಞೆ ಮೀರಿದಾಗ ನಿಮಗೆ ಹಾಗೆ ಸಂಕಟವಾಗುತ್ತದಾ? ಅದನ್ನು ನಡತೆಯ ಸಾಲಿನಲ್ಲಿ ಬರೆಯಿರಿ, ಅದೂ ಗುರುತೇ.

ಇನ್ನೊಂದು 3:9. ದೇವರಿಂದ ಹುಟ್ಟಿದವನು ಪಾಪ ಮಾಡುವುದಿಲ್ಲ ಎಂದು ಓದಿ ನಾನು ಪುಸ್ತಕ ಮುಚ್ಚಿಟ್ಟಿದ್ದುಂಟು. ಆದರೆ ಇದೇ ಯೋಹಾನ 1:8ರಲ್ಲಿ, ನಮ್ಮಲ್ಲಿ ಪಾಪವಿಲ್ಲ ಎಂದರೆ ನಮ್ಮನ್ನೇ ಮೋಸಗೊಳಿಸಿಕೊಳ್ಳುತ್ತೇವೆ ಎನ್ನುತ್ತಾನೆ. ಎರಡನ್ನೂ ಸೇರಿಸಿ ಓದಿ. 3:9ರಲ್ಲಿ ಹೇಳುತ್ತಿರುವುದು ಪಾಪದಲ್ಲೇ ನೆಮ್ಮದಿಯಾಗಿ ಬಾಳುವುದನ್ನು, ಅದನ್ನೇ ರೂಢಿ ಮಾಡಿಕೊಳ್ಳುವುದನ್ನು. ಬೀಳುವುದು ಬೇರೆ, ಬಿದ್ದಲ್ಲೇ ಹಾಸಿಗೆ ಹಾಸಿಕೊಳ್ಳುವುದು ಬೇರೆ.

ಐದನೆಯ ದಿನ ಪುಟ ನೋಡಿ. ಮೂರು ಸಾಲಿನಲ್ಲೂ ನಿಮ್ಮ ಬಾಳಿನಿಂದ ಒಂದೊಂದು ನಿಜವಾದ ಘಟನೆ ಬರೆಯಲು ಪ್ರಯತ್ನಿಸಿ. ದೊಡ್ಡದು ಬೇಡ. ಪಕ್ಕದ ಮನೆಯ ಅಜ್ಜಿಗೆ ಜ್ವರ ಬಂದಾಗ ಗಂಜಿ ಮಾಡಿ ಕೊಟ್ಟಿದ್ದು ಸಾಕು. ಒಂದು ಸಾಲು ಪೂರ್ತಿ ಖಾಲಿ ಉಳಿದರೆ ಅದನ್ನು ಮುಚ್ಚಿಡಬೇಡಿ. ಕೆಲಸ ಎಲ್ಲಿದೆ ಎಂದು ಅದೇ ತೋರಿಸುತ್ತದೆ.

4. ಗೊತ್ತಿರುವ ಚಿತ್ತದಿಂದ ಶುರುಮಾಡಿ

ದೇವರ ಚಿತ್ತ ಎಂದ ಕೂಡಲೇ ನಾವು ಕೇಳುವುದು ಗೊತ್ತಿಲ್ಲದ ವಿಷಯವನ್ನೇ. ಯಾವ ಕೆಲಸ, ಯಾವ ಹುಡುಗಿ, ಬೆಂಗಳೂರಿಗೆ ಹೋಗಲೋ ಬೇಡವೋ. ಸತ್ಯವೇದ ಇದು ದೇವರ ಚಿತ್ತ ಎಂದು ನೇರವಾಗಿ ಹೇಳುವ ಜಾಗಗಳಲ್ಲಿ ಇವು ಬರುವುದೇ ಇಲ್ಲ. 1 ಥೆಸಲೋನಿಕ 4:3ರಲ್ಲಿ ಶುದ್ಧವಾಗಿ ಬಾಳುವುದು, 5:18ರಲ್ಲಿ ಎಲ್ಲದರಲ್ಲೂ ಕೃತಜ್ಞತೆ ಸಲ್ಲಿಸುವುದು. ಮೀಕ 6:8ರಲ್ಲಿ ನ್ಯಾಯ, ಕರುಣೆ, ದೇವರ ಮುಂದೆ ನಮ್ರವಾದ ನಡೆ. ಇದರಲ್ಲಿ ಗೊತ್ತಾಗದ್ದು ಏನೂ ಇಲ್ಲ.

ಈ ವಾರಕ್ಕೆ ಒಂದೇ ಒಂದು ಆರಿಸಿ. ಪ್ರಾರ್ಥನೆಗೆ ಕೂತಾಗಲೆಲ್ಲ ಯಾವುದು ಅಡ್ಡ ಬರುತ್ತದೋ, ಹೆಚ್ಚಾಗಿ ಅದೇ.

ನನಗೆ ಅಡ್ಡ ಬರುತ್ತಿದ್ದುದು ಎರಡು ಹಲಸಿನ ಮರ. ಅಪ್ಪ ತೀರಿಕೊಂಡ ವರ್ಷ ಹಿತ್ತಲಿನ ಆ ಮರಗಳನ್ನು ಮಾರಿದ್ದೆ. 18,000 ರೂಪಾಯಿ ಬಂದಿತ್ತು. ಅಣ್ಣನಿಗೆ 12,000 ಎಂದು ಹೇಳಿ 6,000 ಕೊಟ್ಟೆ. ಒಂಬತ್ತು ವರ್ಷ ಅದನ್ನು ಯಾರಿಗೂ ಹೇಳಲಿಲ್ಲ. ಕರ್ತನ ಭೋಜನಕ್ಕೆ ಮುಂದೆ ಹೋಗುವಾಗಲೆಲ್ಲ ಆ ಮರಗಳು ನೆನಪಾಗುತ್ತಿದ್ದವು. ಕೊರತೆಯಲ್ಲಿರುವ ಸಹೋದರನನ್ನು ಕಂಡೂ ಕರುಣೆ ತೋರದವನಲ್ಲಿ ದೇವರ ಪ್ರೀತಿ ಹೇಗಿದ್ದೀತು ಎನ್ನುವ 1 ಯೋಹಾನ 3:17ನ್ನು ಪ್ರೀತಿಯ ಸಾಲಿನಲ್ಲಿ ಬರೆದ ದಿನ ಮುಂದೆ ಓದಲಾಗಲಿಲ್ಲ.

ಶನಿವಾರ ಬಸ್ಸು ಹತ್ತಿ ಊರಿಗೆ ಹೋದೆ. ಅಣ್ಣ ಜಗಲಿಯ ಪಕ್ಕ ತೆಂಗಿನಕಾಯಿ ಸುಲಿಯುತ್ತಿದ್ದ. ಕವರಿನಲ್ಲಿ 5,000 ಇಟ್ಟಿದ್ದೆ. ಕೈಗೆ ಕೊಟ್ಟು, ಮರದ ದುಡ್ಡು ಅಣ್ಣ, ಆಗ ಸುಳ್ಳು ಹೇಳಿದ್ದೆ ಎಂದೆ. ಅವನು ಕವರು ಬಿಚ್ಚಲಿಲ್ಲ. ಸ್ವಲ್ಪ ಹೊತ್ತು ಕಾಯಿಯನ್ನೇ ನೋಡಿದ. "ಗೊತ್ತಿತ್ತು ಕಣೋ. ಮರ ತಗೊಂಡವನೇ ಆವತ್ತು ಸಂಜೆ ಹೇಳಿದ್ದ" ಎಂದ. ಒಂಬತ್ತು ವರ್ಷ. ಅಷ್ಟು ವರ್ಷವೂ ಹಬ್ಬಕ್ಕೆ ಕರೆದಿದ್ದಾನೆ, ನನ್ನ ಮಗಳಿಗೆ ಫ್ರಾಕು ತಂದಿದ್ದಾನೆ. "ಒಳಗೆ ಬಾ, ಊಟ ಮಾಡು" ಎಂದು ಎದ್ದ.

ಆ ಊಟದಿಂದ ನನಗೆ ರಕ್ಷಣೆ ಸಿಗಲಿಲ್ಲ. ಅದು ಕ್ರಿಸ್ತನಿಂದ ಸಿಕ್ಕಿದ್ದು. ಆದರೆ ಎಷ್ಟೋ ದಿನದಿಂದ ಓದುತ್ತಿದ್ದ ವಚನಗಳು ಆವತ್ತು ರಾತ್ರಿ ನನ್ನವು ಎನಿಸಿದವು. ಲೂಕ 19ರಲ್ಲಿ ಜಕ್ಕಾಯನ ಕಥೆಯೂ ಇದೇ ಕ್ರಮದಲ್ಲಿದೆ. ಅವನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದ ಮೇಲೆ ಯೇಸು ಅವನ ಮನೆಗೆ ಬರಲಿಲ್ಲ. ಮೊದಲು ಮರದಿಂದ ಇಳಿ, ನಿನ್ನ ಮನೆಯಲ್ಲಿ ಉಳಿಯುತ್ತೇನೆ ಎಂದ. ಕೈಸಡಿಲವಾದದ್ದು ಆಮೇಲೆ.

ನಿಮ್ಮದು ದುಡ್ಡಿನ ವಿಷಯ ಆಗಿರದೇ ಇರಬಹುದು. ಮಾತು ಬಿಟ್ಟ ಅತ್ತಿಗೆ ಇರಬಹುದು, ಫೋನಿನಲ್ಲಿ ಅಳಿಸಬೇಕಾದ್ದು ಇರಬಹುದು. ಒಂದು ಎಚ್ಚರಿಕೆ: ನಿಮಗೆ ಹೊಡೆದವರ, ಹಿಂಸೆ ಕೊಟ್ಟವರ ಮನೆಗೆ ಒಬ್ಬರೇ ಹೋಗಿ ರಾಜಿಯಾಗಬೇಕೆಂದು ನಾನು ಹೇಳುತ್ತಿಲ್ಲ. ಅಂಥದ್ದನ್ನು ಮೊದಲು ನಂಬುವಂಥ ಹಿರಿಯರ ಹತ್ತಿರ ಹೇಳಿ. ಕ್ಷಮಿಸುವುದು, ಮತ್ತೆ ಪೆಟ್ಟಿಗೆ ಮೈಯೊಡ್ಡುವುದು, ಇವೆರಡೂ ಒಂದೇ ಅಲ್ಲ.

5. ಬಿದ್ದ ದಿನ ಮಾಡಬೇಕಾದ್ದು

ಈ ತಿಂಗಳಲ್ಲೇ ಬೀಳುತ್ತೀರಿ. ಆಗ ಮತ್ತೆ ಮೊದಲಿನಿಂದ ರಕ್ಷಣೆ ಹೊಂದಲು ಹೊರಡಬೇಡಿ. 1 ಯೋಹಾನ 1:9 ತೆಗೆಯಿರಿ. ಪಾಪವನ್ನು ಹೆಸರು ಹಿಡಿದು ಅರಿಕೆ ಮಾಡಿ. "ಎಲ್ಲ ತಪ್ಪು ಕ್ಷಮಿಸು" ಎಂದರೆ ನಾಲಿಗೆಗೆ ಸುಲಭ. "ಇವತ್ತು ಹನ್ನೊಂದು ಗಂಟೆಗೆ ಅವಳ ಬಗ್ಗೆ ಇಲ್ಲದ್ದು ಹೇಳಿದೆ" ಎಂದರೆ ಅದು ಅರಿಕೆ. ಆಮೇಲೆ 2:1 ಓದಿ, ತಂದೆಯ ಹತ್ತಿರ ನಮ್ಮ ಪರವಾಗಿ ಮಾತಾಡುವವನೊಬ್ಬನಿದ್ದಾನೆ. ಅದೇ ದಿನ ಯಾರಿಗಾದರೂ ಏನಾದರೂ ಸರಿಪಡಿಸುವುದಿದ್ದರೆ ಸರಿಪಡಿಸಿ ಮಲಗಿ.

ಯೇಸುವನ್ನು ಅರಿಯೆನೆಂದ ಪೇತ್ರನೂ ಆತನನ್ನು ಹಿಡಿದುಕೊಟ್ಟ ಯೂದನೂ ಒಂದೇ ರಾತ್ರಿ ಬಿದ್ದವರು. ಇಬ್ಬರೂ ಮರುಗಿದರು. ಯೂದ ತನ್ನ ಪಾಪವನ್ನು ಹೊತ್ತುಕೊಂಡು ಒಬ್ಬನೇ ಹೋದ. ಪೇತ್ರ ಅತ್ತು, ಶಿಷ್ಯರ ನಡುವೆಯೇ ಉಳಿದ. ಮೀನು ಸುಟ್ಟಿಟ್ಟ ಕೆಂಡದ ಪಕ್ಕ ನನ್ನನ್ನು ಪ್ರೀತಿಸುತ್ತೀಯಾ ಎಂದು ಯೇಸು ಅವನನ್ನು ಮೂರು ಸಲ ಕೇಳುವಾಗ ಅವನು ಅಲ್ಲೇ ಇದ್ದ.

6. ರಾತ್ರಿ ಎರಡು ಗಂಟೆಗೆ ಭಯ ಬಂದರೆ

ಆ ಹೊತ್ತಿನಲ್ಲಿ ನಿಮ್ಮನ್ನು ನೀವೇ ಪರೀಕ್ಷೆ ಮಾಡಿಕೊಳ್ಳಬೇಡಿ. ಮೂರು ಸಾಲಿನ ಪುಟ ಹಗಲಿಗೆ. ರಾತ್ರಿಗೆ 1 ಯೋಹಾನ 3:20 ಸಾಕು: ನಮ್ಮ ಹೃದಯವೇ ನಮ್ಮನ್ನು ದೋಷಿ ಎಂದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು, ಆತನಿಗೆ ಎಲ್ಲ ಗೊತ್ತು. ಎಲ್ಲ ಗೊತ್ತು ಎನ್ನುವುದು ಮೊದಲು ನನಗೆ ಬೆದರಿಕೆ ಥರ ಕೇಳುತ್ತಿತ್ತು. ಅಣ್ಣನ ಜಗಲಿಯಿಂದ ಬಂದ ಮೇಲೆ ಹಾಗೆ ಕೇಳುವುದಿಲ್ಲ. ಆ ವಚನವನ್ನು ಒಂದು ಚೀಟಿಯಲ್ಲಿ ಬರೆದು ದಿಂಬಿನ ಹತ್ತಿರ ಇಟ್ಟುಕೊಳ್ಳಿ. ಎದ್ದು ನೀರು ಕುಡಿಯಿರಿ. ಕೀರ್ತನೆ 23 ಬಾಯಿಪಾಠ ಇದ್ದರೆ ನಿಧಾನವಾಗಿ ಹೇಳಿ.

ಭಯ ವಾರಗಟ್ಟಲೆ ಬಿಡದಿದ್ದರೆ ಡಾಕ್ಟರ ಹತ್ತಿರ ಹೋಗಿ. ಇದು ನಂಬಿಕೆಯ ಕೊರತೆ ಅಲ್ಲ. ಇಂಗ್ಲಿಷ್ ಕವಿ ವಿಲಿಯಂ ಕೂಪರ್ 1773ರಲ್ಲಿ ಒಂದು ಕನಸು ಕಂಡರು. ದೇವರು ತನ್ನನ್ನು ಕೈಬಿಟ್ಟನೆಂದು ಅವರಿಗೆ ಖಚಿತವಾಯಿತು. 1800ರಲ್ಲಿ ಸಾಯುವವರೆಗೂ ಆ ಕತ್ತಲೆ ಪೂರ್ತಿ ಬಿಡಲಿಲ್ಲ. ಇಂದಿಗೂ ಸಭೆಗಳು ಹಾಡುವ ಎಷ್ಟೋ ಗೀತೆಗಳನ್ನು ಬರೆದವರು ಅವರು. ಕನಸು ಕಂಡ ವರ್ಷ ಅವರ ಸ್ಥಿತಿ ತೀರಾ ಕೆಟ್ಟಾಗ ಓಲ್ನಿಯ ಸಭಾಪಾಲಕ ಜಾನ್ ನ್ಯೂಟನ್ ಅವರನ್ನು ತಮ್ಮ ಮನೆಯಲ್ಲೇ ಒಂದು ವರ್ಷಕ್ಕೂ ಮೇಲೆ ಇಟ್ಟುಕೊಂಡು ನೋಡಿಕೊಂಡರು. ನಿಮ್ಮ ಸಭೆಯಲ್ಲಿ ಇಂಥ ಭಾರ ಹೊತ್ತವರಿದ್ದರೆ ಇನ್ನೊಂದು ವಚನ ಎತ್ತಿ ಹೇಳುವ ಮುಂಚೆ ಅವರ ಪಕ್ಕ ಕೂತುಕೊಳ್ಳಿ, ಆಸ್ಪತ್ರೆಗೆ ಜೊತೆಗೆ ಹೋಗಿ.

7. ಒಬ್ಬರಿಗೆ ಪುಟ ತೋರಿಸಿ

ತಿಂಗಳ ಕೊನೆಗೆ ನೋಟ್‌ಬುಕ್ಕನ್ನು ಒಬ್ಬರಿಗೆ ತೋರಿಸಿ. ಸಭಾಪಾಲಕರೇ ಆಗಬೇಕೆಂದಿಲ್ಲ. ನಿಮ್ಮನ್ನು ಬಲ್ಲ ಹಿರಿಯರು, ಗುಟ್ಟು ಕಾಪಾಡುವವರು ಆದರೆ ಸಾಕು. ನಮ್ಮಲ್ಲಿ ಬೆಳೆದದ್ದು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಮನೆಯವರಿಗೆ ಬೀಳುತ್ತದೆ. ನಾನು ತೋರಿಸಿದ್ದು ನಮ್ಮ ಸಭೆಯ ಒಬ್ಬ ನಿವೃತ್ತ ಟೀಚರಮ್ಮನಿಗೆ. ಭಾನುವಾರದ ಶಾಲೆಯಲ್ಲಿ ನನಗೆ ಪಾಠ ಮಾಡಿದವರು. ಕನ್ನಡಕ ಹಾಕಿಕೊಂಡು ಪುಟಪುಟ ತಿರುವಿದರು. ಪ್ರೀತಿಯ ಸಾಲಿನಲ್ಲಿ ಹಲಸಿನ ಮರ ಎಂದು ಬರೆದದ್ದನ್ನು ನೋಡಿ, "ಇದೇನಪ್ಪಾ?" ಎಂದು ಕೇಳಿದರು. ಹೇಳಿದೆ. ಕೇಳಿಸಿಕೊಂಡು, ಖಾಲಿ ಇದ್ದ ಮುಂದಿನ ಪುಟವನ್ನು ತಾವೇ ಸ್ಕೇಲ್ ಇಟ್ಟು ಮೂರು ಭಾಗ ಮಾಡಿ, ಮೇಲೆ ಮುಂದಿನ ತಿಂಗಳ ಹೆಸರು ಬರೆದು ಕೊಟ್ಟರು.